ಮುಚ್ಚಿಗೆ, ಕರಣೆ, ಮೈಕು

ಕಚೇರಿ ಆರಂಭವಾಗುವುದಕ್ಕೆ ಇನ್ನೂ ಮುಕ್ಕಾಲು ಗಂಟೆಯಿರುವಾಗ, ವೇದಿಕೆಯ ಹಿಂದಿನ ಕಿರುಕೋಣೆಯಲ್ಲಿ ಚಾಪೆಯ ಮೇಲೆ ಕುಳಿತ ಮೃದಂಗ ವಿದ್ವಾಂಸರೊಬ್ಬರು ಸಣ್ಣ ಬಟ್ಟಲಿನಲ್ಲಿ ರವೆಗೆ ನೀರು ಬೆರಸಿ, ಅದನ್ನು ಬೆರಳತುದಿಗಳಿಂದ ನಾದಿ, ಹದಕ್ಕೆ ಬಂದ ಆ ಮುದ್ದೆಯನ್ನು ವಾದ್ಯದ ಎಡಮುಚ್ಚಿಗೆಯ ನಡುವೆ ಬಿಲ್ಲೆಯಾಗಿ ಒತ್ತಿ, ಅಂಗೈಯಿಂದ ಒಮ್ಮೆ ಮೆತ್ತಗೆ ಹೊಡೆದು ಕಿವಿಗೊಟ್ಟರು. ತೃಪ್ತಿಯಾಗಲಿಲ್ಲ. ಬಿಲ್ಲೆಯ ಅಂಚಿನಿಂದ ಅವರೆಕಾಳಿನಷ್ಟು ರವೆಯನ್ನು ಚಿವುಟಿ ತೆಗೆದು ಮತ್ತೆ ಹೊಡೆದರು. ಪಕ್ಕದಲ್ಲಿ ತಂಬೂರಿಯಂತೆ ನುಡಿಯುತ್ತಿದ್ದ ಶ್ರುತಿಪೆಟ್ಟಿಗೆಯ ಕಡೆಗೆ ತಲೆಯನ್ನು ಕೊಂಚ ವಾಲಿಸಿ, ಹತ್ತಿರ ಕುಳಿತಿದ್ದ ಶಿಷ್ಯನಿಗೆ, "ಈಗ ನೋಡು, ಬಲಕ್ಕೂ ಎಡಕ್ಕೂ ಮಾತುಕತೆ ಬಂತು" ಎಂದರು. ಆ ಅವರೆಕಾಳಿನಷ್ಟು ರವೆಯ ತೂಕವೆಷ್ಟೆಂದು ಅವರು ಅಳೆದಿರಲಿಲ್ಲ. ಆದರೆ ಅದು ಹೆಚ್ಚಾಗಿತ್ತೆಂಬುದನ್ನು ಅವರ ಕಿವಿ ನಿಸ್ಸಂದೇಹವಾಗಿ ಅಳೆದಿತ್ತು.

ತಾಳವಾದ್ಯ ನುಡಿಸುವವರು ತಮ್ಮ ಸಲಕರಣೆಗಳ ವಿಷಯದಲ್ಲಿ ಆಡುವ ಮಾತುಗಳನ್ನು ನಾನು ಬಹುಕಾಲದಿಂದ ಆಸಕ್ತಿಯಿಂದ ಕೇಳುತ್ತ ಬಂದಿದ್ದೇನೆ. ಈ ಮುಚ್ಚಿಗೆ ಮಂಕಾಗಿದೆ, ಆ ಮುಚ್ಚಿಗೆ ಇನ್ನೂ ಹಣ್ಣಾಗಬೇಕು, ಈ ಕಟ್ಟಿಗೆಯಲ್ಲಿ ನಾದ ನಿಲ್ಲುವುದಿಲ್ಲ, ಆ ಮೈಕಿನಲ್ಲಿ ಬರಿಯ ಟಪಟಪ ಸದ್ದಲ್ಲದೆ ಸ್ವರವೇ ಕೇಳುವುದಿಲ್ಲ, ಎಂಬಿವೇ ಮೊದಲಾದ ಅಭಿಪ್ರಾಯಗಳನ್ನು ಹೊರಗಿನವರು ಕಲಾವಿದರ ರುಚಿಭೇದವೆಂದೋ, ಗುರುಮನೆಯ ಅಭ್ಯಾಸವೆಂದೋ ತಳ್ಳಿಹಾಕುವುದುಂಟು. ಹಾಗೆ ತಳ್ಳಿಹಾಕುವುದು ತಪ್ಪೆಂದು ನನ್ನ ದೃಢವಾದ ನಂಬಿಕೆ. ನಲವತ್ತು ವರ್ಷ ಒಂದೇ ಚರ್ಮದ ಮೇಲೆ ಬೆರಳಾಡಿಸಿದವನ ಕಿವಿ ಒಂದು ಸೂಕ್ಷ್ಮಯಂತ್ರವೇ. ಅದು ಕೊಡುವ ವರದಿ ಭೌತವಿಜ್ಞಾನದ ಭಾಷೆಯಲ್ಲಿಲ್ಲವೆಂಬ ಕಾರಣಕ್ಕೆ ಅಸತ್ಯವಾಗುವುದಿಲ್ಲ. ಆ ವರದಿಯನ್ನು ಅಕ್ಷರಶಃ ನಂಬಿ, ಅದರ ಹಿಂದೆ ಏನು ನಡೆಯುತ್ತಿರಬಹುದೆಂದು ಹುಡುಕುತ್ತ ಹೋದರೆ, ಚರ್ಮ, ಗಾಳಿ, ಗೋಡೆ, ವಿದ್ಯುತ್ತು ಇವೆಲ್ಲದರ ಸ್ವಭಾವ ಒಂದೊಂದಾಗಿ ತೆರೆದುಕೊಳ್ಳುತ್ತದೆ.

ಮೊದಲು ಚರ್ಮದ ಮಾತು. ವೀಣೆಯ ತಂತಿಯನ್ನು ಮೀಟಿದಾಗ ಅದು ಇಡಿಯಾಗಿ ಅಲುಗುವುದರ ಜೊತೆಗೆ ಎರಡು ಭಾಗವಾಗಿ, ಮೂರು ಭಾಗವಾಗಿ, ನಾಲ್ಕು ಭಾಗವಾಗಿಯೂ ಅದೇ ಕಾಲದಲ್ಲಿ ಅಲುಗುತ್ತದೆ. ಮೂಲಸ್ವರದ ಕಂಪನಸಂಖ್ಯೆಯನ್ನು ಒಂದೆಂದಿಟ್ಟುಕೊಂಡರೆ ಉಪಸ್ವರಗಳದು ಎರಡು, ಮೂರು, ನಾಲ್ಕು ಎಂದು ಪೂರ್ಣಾಂಕಗಳಲ್ಲಿ ಏರುತ್ತ ಹೋಗುವುದರಿಂದ ಅವೆಲ್ಲ ಒಂದರೊಳಗೊಂದು ಬೆರೆತು ನಮ್ಮ ಕಿವಿಗೆ ಒಂದೇ ತುಂಬು ಸ್ವರವಾಗಿ ಕೇಳಿಸುತ್ತವೆ. ವೃತ್ತಾಕಾರದ ಬಿಗಿದ ಪಟಲಕ್ಕೆ ಈ ಭಾಗ್ಯವಿಲ್ಲ. ಒಂದೇ ದಪ್ಪದ, ಒಂದೇ ಬಿಗಿತದ ಪಟಲವನ್ನು ಹೊಡೆದರೆ ಅದರ ಕಂಪನಗಳು 1, 1.59, 2.14, 2.30, 2.65 ಎಂಬ ಅನುಪಾತದಲ್ಲಿ, ಒಂದಕ್ಕೊಂದು ಹೊಂದದೆ, ಜಾತ್ರೆಯಲ್ಲಿ ಏಕಕಾಲಕ್ಕೆ ಮಾತನಾಡುವ ಜನರಂತೆ ಹೊರಡುತ್ತವೆ. ಆದುದರಿಂದಲೇ ಜಗತ್ತಿನ ಬಹುಪಾಲು ಚರ್ಮವಾದ್ಯಗಳಲ್ಲಿ ಸದ್ದು ಇದೆ, ಲಯ ಇದೆ, ಸ್ಪಷ್ಟವಾದ ಸ್ವರ ಇಲ್ಲ. ಹಾಗಿರುವಾಗ ಮೃದಂಗವೂ ತಬಲವೂ ಗಾಯಕನ ಷಡ್ಜಕ್ಕೆ ಸೇರಿ ನುಡಿಯುವುದು ಹೇಗೆ?

ಈ ಪ್ರಶ್ನೆಯನ್ನು ವಿಜ್ಞಾನದ ಪ್ರಶ್ನೆಯಾಗಿ ಕೇಳಿದವರು ಸರ್ ಸಿ. ವಿ. ರಾಮನ್. ಬೆಳಕಿನ ಚದುರುವಿಕೆಯ ಕೆಲಸದಿಂದ 1930ರಲ್ಲಿ ನೊಬೆಲ್ ಪಾರಿತೋಷಕ ಪಡೆಯುವುದಕ್ಕೆ ಹತ್ತು ವರ್ಷ ಮುಂಚೆ, ಕಲ್ಕತ್ತೆಯಲ್ಲಿದ್ದಾಗ, ಶಿವಕಾಳಿ ಕುಮಾರರೊಡನೆ ಸೇರಿ ಅವರು 'ನೇಚರ್' ಪತ್ರಿಕೆಯಲ್ಲಿ 1920ರಲ್ಲಿ ಒಂದು ಕಿರುಲೇಖನವನ್ನು ಪ್ರಕಟಿಸಿ, ಭಾರತೀಯ ಚರ್ಮವಾದ್ಯಗಳ ಉಪಸ್ವರಗಳು ತಂತಿಯ ಉಪಸ್ವರಗಳಂತೆಯೇ ಪೂರ್ಣಾಂಕಗಳ ಕ್ರಮದಲ್ಲಿವೆಯೆಂಬುದನ್ನು ತೋರಿಸಿದರು. ಮುಂದೆ ಬೆಂಗಳೂರಿಗೆ ಬಂದು 1934ರಲ್ಲಿ ವಿಜ್ಞಾನ ಅಕಾಡೆಮಿಯನ್ನು ಸ್ಥಾಪಿಸಿದಾಗ, ಅದರ ಪತ್ರಿಕೆಯ ಮೊದಲ ಸಂಪುಟದಲ್ಲಿಯೇ ಈ ವಿಷಯವನ್ನು ಮತ್ತೆ ಎತ್ತಿಕೊಂಡು ಸವಿಸ್ತಾರವಾಗಿ ಬರೆದರು. ಮುಚ್ಚಿಗೆಯ ಮೇಲೆ ನಯವಾದ ಮರಳನ್ನು ಉದುರಿಸಿ ನುಡಿಸಿದರೆ, ಅಲುಗುವ ಸ್ಥಳಗಳಿಂದ ಮರಳು ಸಿಡಿದು, ಅಲುಗದೆ ನಿಂತ ನಿಸ್ಪಂದ ರೇಖೆಗಳಲ್ಲಿ ಸಾಲುಗಟ್ಟಿ ನಿಲ್ಲುತ್ತದೆ. ಆ ಸಾಲುಗಳನ್ನು ಓದಿ ಅವರು ಕಂಡುಕೊಂಡದ್ದೇನೆಂದರೆ, ಪಟಲದ ಒಂಬತ್ತು ಬೇರೆ ಬೇರೆ ಕಂಪನರೀತಿಗಳು ಚೆದುರಿಹೋಗದೆ ಐದೇ ಐದು ಸಂಗತಸ್ವರಗಳಾಗಿ ಗುಂಪುಗೂಡಿವೆ. ವಿಜ್ಞಾನಿಯ ಮನೆಯಲ್ಲಿ ಪತ್ನಿ ಲೋಕಸುಂದರಿಯವರು ವೀಣೆ ನುಡಿಸುತ್ತಿದ್ದರೆಂಬುದು ಈ ಸಂದರ್ಭದಲ್ಲಿ ನೆನಪಿಗೆ ಬರುತ್ತದೆ. ನಾದದ ವಿಷಯದಲ್ಲಿ ರಾಮನ್ ಅವರ ಕುತೂಹಲ ಕೇವಲ ಗಣಿತದ್ದಾಗಿರಲಿಲ್ಲ.

ಇದರ ಗುಟ್ಟು ಬಲಮುಚ್ಚಿಗೆಯ ನಡುವಿನ ಕಪ್ಪು ವೃತ್ತದಲ್ಲಿದೆ, ಅದೇ ಕರಣೆ. ಚರ್ಮ ಇಡಿಯಾಗಿ ಮೇಲೆ ಕೆಳಗೆ ಆಡುವ ಮೂಲಕಂಪನದಲ್ಲಿ ಅತ್ಯಂತ ಹೆಚ್ಚಾಗಿ ಚಲಿಸುವುದು ಮಧ್ಯಭಾಗ. ಅಲ್ಲಿ ಭಾರ ಹೇರಿದರೆ ಆ ಕಂಪನ ನಿಧಾನವಾಗಿ ಮೂಲಸ್ವರ ಕೆಳಗಿಳಿಯುತ್ತದೆ. ಎರಡನೆಯ ಕಂಪನದಲ್ಲಾದರೋ ಚರ್ಮದ ಒಂದು ಅರ್ಧ ಮೇಲೇಳುವಾಗ ಇನ್ನೊಂದು ಅರ್ಧ ಕೆಳಗಿಳಿಯುವುದರಿಂದ, ನಡುವಿನ ರೇಖೆ ತಕ್ಕಡಿಯ ನಡುಗೂಟದಂತೆ ನಿಶ್ಚಲವಾಗಿರುತ್ತದೆ. ಅಲ್ಲಿನ ಭಾರ ಅದನ್ನು ಅಷ್ಟಾಗಿ ತಡೆಯುವುದಿಲ್ಲ. ಒಂದು ಇಳಿದು ಇನ್ನೊಂದು ಬಹುಮಟ್ಟಿಗೆ ನಿಂತಲ್ಲೇ ನಿಂತರೆ ಅವೆರಡರ ನಡುವಿನ ಅಂತರ ಹೆಚ್ಚಲೇಬೇಕು. ಕರಣೆಯ ಅಗಲ, ದಪ್ಪ, ಅಂಚಿನ ಕಡೆಗೆ ಅದು ತೆಳುವಾಗುತ್ತ ಹೋಗುವ ರೀತಿ, ಇವು ಸರಿಯಾಗಿದ್ದಾಗ 1.59 ಎಂಬ ಕಸಿವಿಸಿಯ ಅನುಪಾತ ಚೊಕ್ಕವಾದ 2ಕ್ಕೆ ಬಂದು ಕೂಡುತ್ತದೆ, ಮಿಕ್ಕ ಕಂಪನಗಳೂ ತಮ್ಮ ತಮ್ಮ ಮನೆಗಳನ್ನು ಸೇರಿಕೊಳ್ಳುತ್ತವೆ.

'ನಂ' ಎಂಬ ಪಾಠಾಕ್ಷರವನ್ನು ನುಡಿಸುವಾಗ ವಾದಕರು ತೋರುಬೆರಳಿನಿಂದ ಅಂಚಿನ ಮೀಟಿನ ಮೇಲೆ ಹೊಡೆದು, ಉಂಗುರಬೆರಳನ್ನು ಚರ್ಮದ ಮೇಲೆ ಹಗುರವಾಗಿ ಇಟ್ಟಿರುತ್ತಾರಷ್ಟೆ. ಯಾವ ಗುರುವೂ ಶಿಷ್ಯನಿಗೆ ನಿಸ್ಪಂದ ರೇಖೆಯ ವಿಚಾರ ಹೇಳುವುದಿಲ್ಲ. ಆದರೂ ಆ ಉಂಗುರಬೆರಳು ಮಾಡುವ ಕೆಲಸ ಮೂಲಕಂಪನವನ್ನು ಅಡಗಿಸಿ, ತನ್ನ ಕೆಳಗೇ ನಿಸ್ಪಂದ ರೇಖೆಯಿರುವ ಎರಡನೆಯ ಕಂಪನವನ್ನು ಮಾತ್ರ ಹಾಡಲು ಬಿಡುವುದು. ಹೊಸ ಶಿಷ್ಯನ ಬೆರಳು ಕೊಂಚ ಗಟ್ಟಿಯಾಗಿ ಊರಿದರೆ ಗುರುಗಳು, "ಒತ್ತಬೇಡ, ನಾದ ಸಾಯುತ್ತೆ" ಎನ್ನುತ್ತಾರೆ. ಇದಕ್ಕಿಂತ ಸಂಕ್ಷಿಪ್ತವಾಗಿ ಆ ವಿಷಯವನ್ನು ಹೇಳಲು ನನಗೆ ಬಾರದು.

ಚರ್ಮದ ನಡುವೆ ಭಾರ ಹೇರಿ ಸ್ವರ ಪಡೆಯುವ ಉಪಾಯ ಎಷ್ಟು ಹಳೆಯದೆಂಬುದಕ್ಕೆ ಭರತನ ನಾಟ್ಯಶಾಸ್ತ್ರವೇ ಸಾಕ್ಷಿ. ಪುಷ್ಕರವಾದ್ಯಗಳ ಅಧ್ಯಾಯದಲ್ಲಿ, ನದೀತೀರದ ಮಣ್ಣನ್ನು ಮುಖಕ್ಕೆ ಲೇಪಿಸಿ ಶ್ರುತಿಗೂಡಿಸುವ ವಿಧಾನ ಬರುತ್ತದೆ. ತಾವರೆಯ ಎಲೆಗಳ ಮೇಲೆ ಬಿದ್ದ ಮಳೆಹನಿಗಳ ಸದ್ದನ್ನು ಕೇಳಿ ಸ್ವಾತಿಯೆಂಬ ಮುನಿ ಈ ವಾದ್ಯಗಳನ್ನು ಕಲ್ಪಿಸಿದನೆಂಬ ಕಥೆಯೂ ಅಲ್ಲಿಯದೇ. ನಮ್ಮ ಯಕ್ಷಗಾನದ ಮದ್ದಲೆಗಾರರು ಇಂದಿಗೂ ಬೋನ ಹಾಕುತ್ತೇವೆ ಎಂದು ಹೇಳುವಾಗ ಅನ್ನದಿಂದ ಮಾಡಿದ ಲೇಪವನ್ನು ಸೂಚಿಸುತ್ತಾರೆ. ಮಣ್ಣು, ಅನ್ನ, ರವೆ, ಕಲ್ಲಿನ ಪುಡಿ, ದ್ರವ್ಯ ಬದಲಾಯಿತು, ತತ್ತ್ವ ಬದಲಾಗಲಿಲ್ಲ.

ಬೆಂಗಳೂರಿನ ಬಳೇಪೇಟೆಯಲ್ಲಿ ವಾದ್ಯದಂಗಡಿಗಳ ಸಾಲಿನಲ್ಲಿ ಒಂದು ಮಧ್ಯಾಹ್ನ ನಾನು ಕರಣೆ ಹಾಕುವುದನ್ನು ಬಹುಹೊತ್ತು ಕುಳಿತು ನೋಡಿದೆ. ಕುಶಲಿಯ ಮುಂದೆ ಎರಡೇ ಪದಾರ್ಥ: ಚೆನ್ನಾಗಿ ಬೆಂದ ಅನ್ನ, ಕಿಟ್ಟದ ಕಲ್ಲಿನ ಕಪ್ಪು ಪುಡಿ. ಇವೆರಡನ್ನು ಹಿಸುಕಿ ಒಂದಾಗಿಸಿ, ಕಡಲೆಕಾಳಿನಷ್ಟು ಮುದ್ದೆಯನ್ನು ಚರ್ಮದ ನಡುವೆ ಹೆಬ್ಬೆರಳಿನಿಂದ ತೀಡಿ ಹರಡಿ, ಅದು ಒಣಗುವ ಮೊದಲೇ ಹೊಳಪಿನ ಉರುಟುಕಲ್ಲಿನಿಂದ ಉಜ್ಜುತ್ತ ಹೋದರು. ಒಂದು ಪದರ ಗಟ್ಟಿಯಾದ ಮೇಲೆ ಇನ್ನೊಂದು, ಅದರ ಮೇಲೆ ಮತ್ತೊಂದು. ಪ್ರತಿ ಪದರವೂ ಕೆಳಗಿನದಕ್ಕಿಂತ ಕೂದಲೆಳೆಯಷ್ಟು ಚಿಕ್ಕದು. ಕೆಲವು ಪದರಗಳಿಗೊಮ್ಮೆ ಬೆರಳಿನಿಂದ ಮೀಟಿ ಆಲಿಸುವುದು. ಉಜ್ಜುವ ಸದ್ದೇ ಕ್ರಮೇಣ ಬದಲಾಗುತ್ತಿತ್ತು. ಮೊದಲು ಒರಟಾಗಿ ಕರಕರ ಎಂದದ್ದು ಕೊನೆಕೊನೆಗೆ ಗಾಜಿನ ಮೇಲೆ ಗಾಜು ಸರಿದಂತೆ ಕೇಳಿತು. ಮುಗಿದ ಕರಣೆಯನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿದರೆ ಮೇಲ್ಮೈಯಲ್ಲಿ ಬತ್ತಿದ ಕೆರೆಯಂಗಳದ ಬಿರುಕುಗಳನ್ನು ಹೋಲುವ ಅತಿಸೂಕ್ಷ್ಮವಾದ ಗೆರೆಗಳ ಬಲೆ ಕಾಣಿಸಿತು. ಅದು ದೋಷವಿರಬಹುದೆಂದು ನಾನು ಭಾವಿಸಿದ್ದೆ. "ಬಿರುಕು ಬಿಡಬೇಕು ಸ್ವಾಮಿ, ಬಿಡದಿದ್ದರೆ ಕಲ್ಲು ಬಡಿದಂಗಿರ್ತದೆ" ಎಂದರು ಅವರು. ಅವರ ಮಾತು ಅಕ್ಷರಶಃ ನಿಜ. ಬಿರುಕಿಲ್ಲದ ಲೇಪ ಒಂದೇ ಗಟ್ಟಿ ಹಲಗೆಯಾಗಿ ಚರ್ಮದ ಬಾಗುವಿಕೆಯನ್ನು ತಡೆದುಬಿಡುತ್ತದೆ; ಬಿರುಕುಬಿಟ್ಟ ಲೇಪವಾದರೋ ಸಾವಿರಾರು ಪುಟ್ಟ ಕಣಗಳಾಗಿ ಭಾರವನ್ನಷ್ಟೇ ಕೊಟ್ಟು, ಬಿಗುಪನ್ನು ಕೊಡದೆ, ಚರ್ಮದೊಡನೆ ಬಾಗುತ್ತದೆ.

ಇಂಥ ಕುಶಲಿಗಳ ಹೆಸರುಗಳು ಕಚೇರಿಯ ಕರಪತ್ರದಲ್ಲಿ ಅಚ್ಚಾಗುವುದಿಲ್ಲ. ಮೃದಂಗ ವಿದ್ವಾಂಸ ಪಾಲ್ಘಾಟ್ ಮಣಿ ಅಯ್ಯರ್ ಅವರ ನಾದದ ಹಿಂದೆ ತಂಜಾವೂರಿನ ಸೆಬಾಸ್ಟಿಯನ್ನರ ಮನೆತನದ ಪರ್ಲಾಂದು ಎಂಬವರ ಕೈಯಿತ್ತೆಂಬುದು ಬಹುಕಾಲ ವಾದಕರ ವಲಯದೊಳಗಿನ ಮಾತಾಗಿಯೇ ಉಳಿದಿತ್ತು. ಹಸು, ಆಡು, ಎಮ್ಮೆ, ಈ ಮೂರರ ಚರ್ಮವನ್ನು ಹದಮಾಡಿ, ಹೊಲಿದು, ಬಾರು ಎಳೆದು ಹಲಸಿನ ಕಟ್ಟಿಗೆಗೆ ಬಿಗಿಯುವ ಈ ವಿದ್ಯೆ ಸಮಾಜ ದೂರವಿಟ್ಟ ಜನರ ಕೈಯಲ್ಲಿ ಬೆಳೆದದ್ದು. ನಾದವನ್ನು ಪೂಜಿಸಿದ ಸಂಸ್ಕೃತಿ ನಾದ ತಯಾರಿಸಿದವರನ್ನು ಹೊಸ್ತಿಲಿನಾಚೆ ನಿಲ್ಲಿಸಿದುದು ನನಗೆ ಸದಾ ನೋವು ತರುವ ಸಂಗತಿ.

ವಾದಕರ ಅಭಿಪ್ರಾಯಗಳು ಅತ್ಯಂತ ತೀಕ್ಷ್ಣವಾಗುವುದು ಕಪ್ಪಿ, ಕುಚ್ಚಿಗಳ ಪ್ರಶ್ನೆಯಲ್ಲಿ. ಬಲಮುಚ್ಚಿಗೆಯ ಪದರಗಳ ಸಂದಿನಲ್ಲಿ ಕರಣೆಯ ಸುತ್ತ ಕಿರಣಗಳಂತೆ ಪೊರಕೆಕಡ್ಡಿಯ ಚೂರುಗಳನ್ನು ಸೇರಿಸಿದರೆ ಅದು ಕುಚ್ಚಿ. ಕಡ್ಡಿಗಳ ಬದಲು ಕಲ್ಲಿನ ತರಿಯನ್ನು ಹಾಕಿದರೆ ಕಪ್ಪಿ. ಎರಡರ ಕೆಲಸವೂ ಮೇಲಿನ ಪದರ ಒಳಪದರಕ್ಕೆ ಅಂಟಿಕೊಳ್ಳದಂತೆ ನೋಡಿಕೊಂಡು ನಾದದ ಕೊನೆಯಲ್ಲಿ ಒಂದು ಝೇಂಕಾರವನ್ನು ಸೇರಿಸುವುದು. ತಂಬೂರಿಯ ಕುದುರೆಯ ಮೇಲೆ ಜೀವಾಳದ ದಾರ ಮಾಡುವುದೂ ಇದೇ ಜಾತಿಯ ಕೆಲಸ. ಅಲುಗುವ ವಸ್ತು ಇನ್ನೊಂದನ್ನು ಮೆಲ್ಲನೆ ತಟ್ಟುತ್ತ ಹೋದಾಗ ಮೇಲಿನ ಉಪಸ್ವರಗಳು ಹೊಸದಾಗಿ ಹುಟ್ಟುತ್ತವೆ. ಕುಚ್ಚಿಯ ನಾದ ಉದ್ದ, ಮಿನುಗು ಹೆಚ್ಚು ಎನ್ನುವವರು ಕೆಲವರು. ಕಪ್ಪಿಯ ನಾದ ಅಡಕ, ಬೆರಳಿನ ಮಾತು ಸ್ಪಷ್ಟ ಎನ್ನುವವರು ಕೆಲವರು. ನಾನು ಕೇಳುಗನಾಗಿ ಕುಚ್ಚಿಯ ಪಕ್ಷದವನು. ಸಾವಕಾಶವಾದ ಕೃತಿಗೆ ನುಡಿಸುವಾಗ ಎರಡು ಅಕ್ಷರಗಳ ನಡುವಿನ ಮೌನವನ್ನು ಆ ಉಳಿನಾದ ತುಂಬುವ ರೀತಿ ನನಗೆ ಬೇರೆಲ್ಲಿಯೂ ದೊರೆತಿಲ್ಲ.

ಇನ್ನು ಹವೆ. ಪಟಲದ ಸ್ವರ ಬಿಗಿತದ ವರ್ಗಮೂಲದೊಡನೆ ಏರುವುದರಿಂದ, ಅರ್ಧ ಮನೆ ಶ್ರುತಿ ಏರಿಸಬೇಕಾದರೆ ಬಿಗಿತವನ್ನು ಸುಮಾರು ನೂರಕ್ಕೆ 12ರಷ್ಟು ಹೆಚ್ಚಿಸಬೇಕು. ಷಡ್ಜದಿಂದ ಪಂಚಮಕ್ಕೆ ಏರಿಸಬೇಕಾದರೆ ಎರಡೂಕಾಲು ಪಟ್ಟು. ಗಂಡಸಿನ ಒಂದು ಮನೆಗೂ ಹೆಂಗಸಿನ ಐದು ಮನೆಗೂ ಒಂದೇ ವಾದ್ಯ ಸಾಲದೆ, ತಗ್ಗು ಶ್ರುತಿಯದು ಬೇರೆ, ಹೆಚ್ಚು ಶ್ರುತಿಯದು ಬೇರೆ ಎಂದು ವಾದಕರು ಎರಡು ಮೂರು ಮೃದಂಗಗಳನ್ನು ಹೊತ್ತು ತಿರುಗುವುದು ಈ ಕಾರಣದಿಂದ. ಚರ್ಮವಾದರೋ ಗಾಳಿಯ ತೇವವನ್ನು ಹೀರಿ ಸಡಿಲವಾಗುವ, ಒಣಹವೆಯಲ್ಲಿ ಬಿಗಿಯುವ ವಸ್ತು. ಬೆಂಗಳೂರಿನ ಚಾಮರಾಜಪೇಟೆಯ ಕೋಟೆ ಹೈಸ್ಕೂಲು ಮೈದಾನದಲ್ಲಿ ನಡೆಯುವ, 1939ರಲ್ಲಿ ಆರಂಭವಾದ ಶ್ರೀ ರಾಮಸೇವಾ ಮಂಡಳಿಯ ರಾಮನವಮಿ ಸಂಗೀತೋತ್ಸವ ಬರುವುದು ಬೇಸಿಗೆಯ ನಡುವೆ. ಹಗಲಿನ ಕಾವಿನಲ್ಲಿ ಬಿಗಿದ ಮುಚ್ಚಿಗೆ ಸಂಜೆ ಒಂದು ಮಳೆ ಸುರಿದ ಕೂಡಲೇ ಇಳಿಯಲಾರಂಭಿಸಿದರೆ, ವಾದಕರು ಕೃತಿಕೃತಿಗಳ ನಡುವಿನ ಅರ್ಧನಿಮಿಷದಲ್ಲಿ ಕಲ್ಲು ಹಿಡಿದು ಹೆಣಿಗೆಯ ಅಂಚನ್ನು ಸುತ್ತ ತಟ್ಟಿ ಏರಿಸಿಕೊಳ್ಳಬೇಕಾಗುತ್ತದೆ. ಎಡಗಡೆಯ ರವೆಯ ಕಥೆ ಇದಕ್ಕೆ ವಿರುದ್ಧ: ಅದು ಒಣಗುತ್ತ ಹಗುರವಾಗಿ ಸ್ವರ ಮೇಲೇರುತ್ತದೆ, ಆಗ ಬೆರಳದ್ದಿ ನೀರು ಸವರಬೇಕು. ಹವಾನಿಯಂತ್ರಿತ ಸಭಾಂಗಣದಲ್ಲಿ ಇದಿಷ್ಟೂ ಬೇರೆ ಲೆಕ್ಕಾಚಾರ.

ಈ ಕಷ್ಟ ನಮ್ಮದೊಂದೇ ಅಲ್ಲ. ಅಮೆರಿಕದ ಡ್ರಮ್ ವಾದಕರು ಕರುವಿನ ಚರ್ಮದ ಮೇಲೆ ನುಡಿಸುತ್ತಿದ್ದ ಕಾಲದಲ್ಲಿ ಮಳೆಯ ರಾತ್ರಿ ಅವರ ಡ್ರಮ್ಮುಗಳೂ ಸತ್ತಂತಾಗುತ್ತಿದ್ದವು. 1950ರ ದಶಕದ ಉತ್ತರಾರ್ಧದಲ್ಲಿ ಚಿಕ್ ಇವಾನ್ಸ್, ರೆಮೊ ಬೆಲ್ಲಿ ಮೊದಲಾದವರು ಡ್ಯುಪಾಂಟ್ ಕಂಪನಿಯ ಮೈಲಾರ್ ಎಂಬ ಪಾಲಿಯೆಸ್ಟರ್ ಹಾಳೆಯಿಂದ ಮುಚ್ಚಿಗೆ ಮಾಡಲು ಹೊರಟರು. ಬೆಲ್ಲಿ ಸ್ವತಃ ಡ್ರಮ್ ವಾದಕ, 1957ರಲ್ಲಿ ಆತ ಆರಂಭಿಸಿದ ರೆಮೊ ಕಂಪನಿ ಇಂದಿಗೂ ಇದೆ. ಪಾಲಿಯೆಸ್ಟರಿಗೆ ಮಳೆಯ ಭಯವಿಲ್ಲ, ದಪ್ಪ ಎಲ್ಲೆಡೆ ಒಂದೇ. ಆದರೂ ಹಳೆಯ ವಾದಕರು ಅದರ ಸದ್ದು ತೀರ ಚುರುಕು, ಚರ್ಮದ ಬೆಚ್ಚನೆಯ ಗುಣ ಇದಕ್ಕಿಲ್ಲ ಎಂದರು. ಅವರು ಹೇಳಿದ್ದು ಹಳೆಯದರ ಮೇಲಿನ ಮೋಹವಲ್ಲ. ಎಳೆಎಳೆಯಾಗಿ ಹೆಣೆದುಕೊಂಡ ಚರ್ಮದೊಳಗಿನ ಘರ್ಷಣೆ ಮೇಲಿನ ಉಪಸ್ವರಗಳನ್ನು ಬೇಗ ನುಂಗಿಬಿಡುತ್ತದೆ. ನುಣುಪಾದ ಪಾಲಿಯೆಸ್ಟರ್ ಅವುಗಳನ್ನು ಹೆಚ್ಚು ಹೊತ್ತು ಬದುಕಗೊಡುತ್ತದೆ. ಮುಂದೆ ಅದೇ ಕಂಪನಿ ಚರ್ಮದ ಗುಣವನ್ನು ಮರಳಿ ತರುವುದಕ್ಕೆಂದು ಫೈಬರ್‌ಸ್ಕಿನ್ ಎಂಬ ಇನ್ನೊಂದು ಮುಚ್ಚಿಗೆಯನ್ನು ಮಾಡಬೇಕಾಯಿತು.

ಮೃದಂಗಕ್ಕೆ ಪಾಲಿಯೆಸ್ಟರ್ ಹಾಕುವುದು ಇದಕ್ಕಿಂತ ಬಹಳ ಕಠಿಣ. ಏಕೆಂದರೆ ಇಲ್ಲಿ ಹಾಳೆ ಬಿಗಿದರೆ ಮುಗಿಯಲಿಲ್ಲ, ಕರಣೆಯ ಸಂಗತಸ್ವರಗಳೂ ಬರಬೇಕು. ಬೆಂಗಳೂರಿನ ಇಂಜಿನಿಯರೂ ಗಾಯಕರೂ ಆದ ಕೆ. ವರದರಂಗನ್ ಅವರು ಈ ಸಾಹಸಕ್ಕೆ ಕೈಯಿಟ್ಟು ಫೈಬರ್‌ಗ್ಲಾಸಿನ ಒಡಲು, ಕೃತಕ ಮುಚ್ಚಿಗೆ, ಬಾರುಗಳಿಗೆ ಬದಲಾಗಿ ಬೋಲ್ಟುಗಳು ಇರುವ 'ಶ್ರೀ ಮೃದಂಗ'ವನ್ನು ರೂಪಿಸಿದರು. ಹೊರುವುದಕ್ಕೆ ಹಗುರ, ಪ್ರಾಣಿಯ ಚರ್ಮ ಬೇಡ, ಮಳೆಗಾಲದಲ್ಲಿಯೂ ಸ್ಥಿರ ಎಂದು ಮೆಚ್ಚುವವರಿದ್ದಾರೆ. ಗುಮ್ಕಿಯಲ್ಲಿ, ಎಂದರೆ ಎಡಚರ್ಮವನ್ನು ಅಂಗೈಯ ಬುಡದಿಂದ ಒತ್ತಿ ಸರಿಸಿ ಸ್ವರವನ್ನು ಜಾರಿಸುವ ಆ ಮಧುರವಾದ ಕ್ರಿಯೆಯಲ್ಲಿ, ಕೈಗೆ ಚರ್ಮದ ಪ್ರತಿಸ್ಪಂದನೆ ಸಿಗದೆಂದು ಹಿಂಜರಿಯುವವರೂ ಇದ್ದಾರೆ. ಎರಡನೆಯವರ ಮಾತು ಕಿವಿಗಿಂತ ಅಂಗೈಗೆ ಸಂಬಂಧಿಸಿದ್ದು ಎಂಬುದನ್ನು ಗಮನಿಸಬೇಕು. ವಾದ್ಯ ವಾದಕನಿಗೆ ಉತ್ತರ ಕೊಡುವುದು ಸದ್ದಿನಿಂದ ಮಾತ್ರವೇ ಅಲ್ಲ.

ಇಲ್ಲಿಗೆ ವಾದ್ಯದ ಮಾತು ಮುಗಿದು ಸಭಾಂಗಣದ ಮಾತು ಆರಂಭವಾಗುತ್ತದೆ. ಅಭಿಪ್ರಾಯಗಳು ಕಾವೇರುವುದು ಇಲ್ಲಿ. ಮೈಕು ಬರುವ ಮೊದಲು ಹಿಂದಿನ ಸಾಲಿಗೆ ಕೇಳಿಸುವುದು ವಾದ್ಯದ್ದೇ ಹೊಣೆಯಾಗಿತ್ತು. ಮೈಸೂರಿನ ಟಿ. ಚೌಡಯ್ಯನವರು ಪಿಟೀಲಿಗೆ ಮೂರು ತಂತಿಗಳನ್ನು ಹೆಚ್ಚಾಗಿ ಸೇರಿಸಿ ಏಳು ತಂತಿಯ ವಾದ್ಯವನ್ನು ಕಟ್ಟಿಕೊಂಡದ್ದು ದೊಡ್ಡ ಸಭೆಯ ಕೊನೆಯವರೆಗೆ ನಾದ ಮುಟ್ಟಲೆಂದೇ. 1980ರಲ್ಲಿ ಬೆಂಗಳೂರಿನಲ್ಲಿ ಅವರ ನೆನಪಿಗೆ ಪಿಟೀಲಿನ ಆಕಾರದ ಸಭಾಂಗಣವೇ ಎದ್ದಿತು. ಮಣಿ ಅಯ್ಯರ್ ಅವರಾದರೋ ಮೈಕು ಎಲ್ಲೆಲ್ಲಿಯೂ ಹರಡಿದ ಕಾಲದಲ್ಲಿ, ತಮ್ಮ ಕೊನೆಯ ದಶಕಗಳಲ್ಲಿ, ಮೈಕಿಲ್ಲದೆಯೇ ನುಡಿಸಬೇಕೆಂದು ಪಟ್ಟು ಹಿಡಿದರು. 1966ರಲ್ಲಿ ಮದರಾಸಿನ ಸಂಗೀತ ಅಕಾಡೆಮಿಯ ಸಂಗೀತ ಕಲಾನಿಧಿ ಪದವಿಯನ್ನು ಪಡೆದ ಮೊದಲ ಮೃದಂಗ ವಾದಕರವರು. ಅವರ ಮಾತಿಗೆ ತೂಕವಿತ್ತು. ಆದರೂ ಅದನ್ನು ಹಟವೆಂದು ಕರೆದವರುಂಟು.

ನಾನು ಅದನ್ನು ಹಟವೆನ್ನಲಾರೆ. ಮೃದಂಗವೊಂದು ನುಡಿಯುವಾಗ ನಾದ ಒಂದೇ ಸ್ಥಳದಲ್ಲಿ ಒಂದೇ ರೂಪದಲ್ಲಿ ಇರುವುದಿಲ್ಲ. ಮೂಲಕಂಪನದಲ್ಲಿ ಚರ್ಮ ಇಡಿಯಾಗಿ ಗಾಳಿಯನ್ನು ತಳ್ಳುವುದರಿಂದ ಅದರ ಶಕ್ತಿ ಬೇಗ ಹೊರಹರಿದು ಬೇಗ ತೀರಿಹೋಗುತ್ತದೆ. ಎರಡನೆಯ ಕಂಪನದಲ್ಲಿ ಒಂದು ಅರ್ಧ ಗಾಳಿಯನ್ನು ತಳ್ಳುವಾಗ ಇನ್ನೊಂದು ಅರ್ಧ ಎಳೆಯುತ್ತಿರುತ್ತದೆ. ದೂರದಲ್ಲಿ ಇವೆರಡೂ ಒಂದನ್ನೊಂದು ಬಹುಪಾಲು ಅಳಿಸಿಹಾಕುತ್ತವೆ, ಆದುದರಿಂದ ಶಕ್ತಿ ನಿಧಾನವಾಗಿ ಸೋರಿ ನಾದ ಉಳಿಯುತ್ತದೆ. ಹಾಗಾಗಿ ವಾದ್ಯದ ಮುಖಕ್ಕೆ ನಾಲ್ಕಂಗುಲ ಹತ್ತಿರವಿರುವ ಮೈಕು ಕೇಳುವ ಮಿಶ್ರಣ ಒಂದು. ವಾದ್ಯದ ನೆತ್ತಿಯ ಮೇಲೆ ಬಾಗಿದ ವಾದಕರ ಕಿವಿ ಕೇಳುವುದು ಇನ್ನೊಂದು. ಇಪ್ಪತ್ತನೆಯ ಸಾಲಿನಲ್ಲಿ ಗೋಡೆ, ಚಾವಣಿ, ಜನರ ಬಟ್ಟೆಬರೆ ಎಲ್ಲವನ್ನೂ ಹಾದು ಬಂದು ರಸಿಕನನ್ನು ಮುಟ್ಟುವುದು ಮತ್ತೊಂದು. ಮೈಕನ್ನು ಕರಣೆಯ ನಟ್ಟನಡುವಿಗೆ ಎದುರಾಗಿಟ್ಟರೆ, ಎರಡನೆಯ ಕಂಪನದ ಎರಡು ಅರ್ಧಗಳೂ ಅದಕ್ಕೆ ಸಮದೂರವಾಗಿ, 'ನಂ'ಕಾರದ ಸ್ವರಾಂಶ ಅದರ ಪಾಲಿಗೆ ಬಹುಮಟ್ಟಿಗೆ ಇಲ್ಲದಂತಾಗುತ್ತದೆ. ಅಂಚಿನ ಕಡೆಗೆ ಸರಿಸಿದರೆ ಮರಳಿ ಬರುತ್ತದೆ. "ಬರಿಯ ಟಪಟಪ ಕೇಳುತ್ತದೆ, ಸ್ವರ ಇಲ್ಲ" ಎಂಬ ದೂರಿಗೆ ಕಾರಣ ಎಷ್ಟೋ ಸಲ ಇದೇ ಎರಡಂಗುಲದ ವಿಚಾರ. ತಮ್ಮ ಜೀವಮಾನದ ಸಾಧನೆಯನ್ನು ಪರರು ಎಲ್ಲೋ ನಿಲ್ಲಿಸಿದ ಒಂದು ಲೋಹದ ಜಾಳಿಗೆಯ ಮರ್ಜಿಗೆ ಬಿಡಲು ಮಣಿ ಅಯ್ಯರ್ ಒಪ್ಪಲಿಲ್ಲ. ಅವರಿಗೆ ಬೇಕಾಗಿದ್ದುದು ಇಪ್ಪತ್ತನೆಯ ಸಾಲಿನ ಮೃದಂಗ, ನಾಲ್ಕಂಗುಲದ ಮೃದಂಗವಲ್ಲ.

ಮೈಕುಗಳಲ್ಲಿ ಶೂರ್ ಕಂಪನಿ 1965ರಲ್ಲಿ ತಂದ ಎಸ್‌ಎಂ 57, ಮರುವರ್ಷ ತಂದ ಎಸ್‌ಎಂ 58, ಇವೆರಡೂ ವೇದಿಕೆಯ ನಿತ್ಯದ ಕೆಲಸಕ್ಕೆ ಜಗತ್ತಿನಾದ್ಯಂತ ನಿಂತುಬಿಟ್ಟಿವೆ. ಮುಂದಿನಿಂದ ಬರುವುದನ್ನು ಹೆಚ್ಚಾಗಿ, ಹಿಂದಿನಿಂದ ಬರುವುದನ್ನು ಕಡಿಮೆಯಾಗಿ ಕೇಳುವಂತೆ ರಚಿತವಾದ ಇಂಥ ಮೈಕುಗಳಿಗೆ ಒಂದು ಸ್ವಭಾವವುಂಟು: ಸದ್ದಿನ ಮೂಲ ಹತ್ತಿರವಾದಷ್ಟೂ ತಗ್ಗುಸ್ವರಗಳನ್ನು ಅವು ಹಿಗ್ಗಿಸಿ ಹೇಳುತ್ತವೆ. ಎಡಗಡೆಯ ಗುಮ್ಕಿ ಸ್ಪೀಕರಿನಲ್ಲಿ ಸಿಡಿಲಿನಂತೆ ಗುಡುಗಿ, ಗಾಯಕರ ಮಂದ್ರಸ್ಥಾಯಿಯನ್ನೇ ಮುಚ್ಚಿಹಾಕುವುದಕ್ಕೆ ವಾದಕರ ಕೈ ಕಾರಣವಲ್ಲ. "ಎಡಗಡೆ ಬೇಸು ಇಳಿಸಿ ಸ್ವಾಮಿ" ಎಂದು ಅವರು ಮೈಕ್‌ಸೆಟ್ಟಿನವರನ್ನು ಪ್ರತಿ ಕಚೇರಿಯಲ್ಲಿಯೂ ಬೇಡಿಕೊಳ್ಳುವುದು ಈ ಸ್ವಭಾವವನ್ನು ಅನುಭವದಿಂದ ಬಲ್ಲ ಕಾರಣಕ್ಕೆ. ಹಾಗಾದರೆ ಮೈಕನ್ನು ದೂರ ಸರಿಸಬಾರದೇ ಎಂದು ಕೇಳಬಹುದು. ದೂರ ಇಮ್ಮಡಿಯಾದರೆ ಮೈಕಿಗೆ ತಲುಪುವ ಧ್ವನಿಯ ತೀವ್ರತೆ ಕಾಲುಭಾಗಕ್ಕೆ ಇಳಿಯುತ್ತದೆ. ಆ ನಷ್ಟವನ್ನು ತುಂಬಲು ಮೈಕ್‌ಸೆಟ್ಟಿನವರು ಮಟ್ಟವನ್ನು ಏರಿಸುತ್ತಾರೆ. ಆಗ ಸ್ಪೀಕರಿನಿಂದ ಹೊರಟ ಸದ್ದು ಮರಳಿ ಮೈಕನ್ನು ಸೇರಿ, ಮತ್ತೆ ಸ್ಪೀಕರಿಗೆ ಹೋಗಿ, ಪ್ರತಿ ಸುತ್ತಿನಲ್ಲಿಯೂ ಬೆಳೆಯುತ್ತ, ಯಾವುದೋ ಒಂದು ಸ್ವರದಲ್ಲಿ ಕಿವಿ ಸೀಳುವ ಶಿಳ್ಳೆಯಾಗುತ್ತದೆ. ಈ ಸುತ್ತಿನ ತತ್ತ್ವವನ್ನು ಮೊದಲು ವಿವರಿಸಿದ ಡೆನ್ಮಾರ್ಕಿನ ವಿಜ್ಞಾನಿಯ ಹೆಸರಿನಿಂದ ಅದನ್ನು ಲಾರ್ಸೆನ್ ಪರಿಣಾಮವೆನ್ನುತ್ತಾರೆ. ನಮ್ಮ ಸಭೆಗಳಲ್ಲಿ ಮೈಕು ಕೂಗಿತು ಎನ್ನುತ್ತೇವೆ. ಹತ್ತಿರವಿಟ್ಟರೆ ಗುಡುಗು, ದೂರವಿಟ್ಟರೆ ಕೂಗು. ಇವೆರಡರ ನಡುವೆ ಒಂದು ಗೇಣಿನೊಳಗೆ ಸರಿಯಾದ ಸ್ಥಾನವನ್ನು ಹುಡುಕಬೇಕು.

ವಾದಕರ ಇನ್ನೊಂದು ನಿತ್ಯದ ಅಳಲು ಮಾನಿಟರಿನದು. ವೇದಿಕೆಯ ಮೇಲೆ ಎದುರಿಗಿಡುವ ಆ ಪುಟ್ಟ ಸ್ಪೀಕರಿನಲ್ಲಿ ಗಾಯಕರ ಧ್ವನಿಯೂ ತಮ್ಮ ವಾದ್ಯವೂ ಹದವಾಗಿ ಕೇಳದಿದ್ದರೆ ನುಡಿಸಲಾಗದೆಂದು ಅವರು ಹೇಳುವಾಗ, ಇದೇನು ಅತಿಯಾದ ಸೌಕರ್ಯದ ಬೇಡಿಕೆಯೆಂದು ಸಂಘಟಕರು ಮುಖ ಸಿಂಡರಿಸುವುದನ್ನು ನೋಡಿದ್ದೇನೆ. ಒಂದು ಸಣ್ಣ ಲೆಕ್ಕ ಮಾಡಿ ನೋಡೋಣ. ಗಾಳಿಯಲ್ಲಿ ಧ್ವನಿಯ ವೇಗ ಸೆಕೆಂಡಿಗೆ ಸುಮಾರು 343 ಮೀಟರು. ಸಭಾಂಗಣದ ಹಿಂದಿನ ಗೋಡೆ ವೇದಿಕೆಯಿಂದ 15 ಮೀಟರು ದೂರದಲ್ಲಿದ್ದರೆ ಸದ್ದು ಅಲ್ಲಿಗೆ ಹೋಗಿ ಮರಳಲು 30 ಮೀಟರು ಸಾಗಬೇಕು; ಅದಕ್ಕೆ ಹಿಡಿಯುವ ಕಾಲ ಸುಮಾರು 87 ಮಿಲಿಸೆಕೆಂಡು. ತನಿ ಆವರ್ತನದ, ಎಂದರೆ ತಾಳವಾದ್ಯದ ಏಕವಾದನದ, ವೇಗದ ಭಾಗದಲ್ಲಿ ಸೆಕೆಂಡಿಗೆ ಹನ್ನೆರಡು ಅಕ್ಷರಗಳು ಬೀಳುತ್ತಿವೆಯೆಂದುಕೊಂಡರೆ ಒಂದಕ್ಕೂ ಮುಂದಿನದಕ್ಕೂ ನಡುವಿನ ಅಂತರ 83 ಮಿಲಿಸೆಕೆಂಡು. ಎಂದರೆ, ಗೋಡೆಗೆ ಬಡಿದು ಬಂದ ಹಿಂದಿನ ಅಕ್ಷರ ಈಗ ನುಡಿಸುತ್ತಿರುವ ಅಕ್ಷರದ ಬೆನ್ನಿಗೇ, ಕೂದಲೆಳೆಯಷ್ಟು ತಡವಾಗಿ, ಬಂದು ಬೀಳುತ್ತದೆ. ತನ್ನ ಕೈಗೂ ತನ್ನ ಕಿವಿಗೂ ನಡುವೆ ಹೀಗೊಂದು ಸುಳ್ಳು ತಾಳ ಹುಟ್ಟಿಕೊಂಡಾಗ ಕೈ ಅರಿವಿಲ್ಲದೆಯೇ ಅದರ ಕಡೆಗೆ ಜಗ್ಗುತ್ತದೆ, ನಡೆ ಹಿಂದೆ ಬೀಳುತ್ತದೆ. ಹತ್ತಿರದ ಮಾನಿಟರಿನಿಂದ ಕೂಡಲೇ ಬರುವ ಸದ್ದು ಆ ಸುಳ್ಳನ್ನು ಮುಚ್ಚುತ್ತದೆ. ರಾಮನವಮಿಯ ಚಪ್ಪರದಲ್ಲಿ ಹಿಂದಿನ ಗೋಡೆಯೇ ಇಲ್ಲದ್ದರಿಂದ ಈ ಬಾಧೆಯೂ ಕಡಿಮೆ. ಅಲ್ಲಿ ನುಡಿಸಿದ್ದು ಹೊರಟುಹೋಗುತ್ತದೆ, ಮರಳಿ ಬರುವುದಿಲ್ಲ ಎಂದು ವಾದಕರೊಬ್ಬರು ನನ್ನೊಡನೆ ಹೇಳಿದರು. ಅವರ ಮಾತಿನಲ್ಲಿ ಸಮಾಧಾನವಿದ್ದಂತೆಯೇ ಸ್ವಲ್ಪ ಒಂಟಿತನವೂ ಇತ್ತು.

ಆ ಸಂಜೆಯ ಕಿರುಕೋಣೆಗೆ ಮರಳುತ್ತೇನೆ. ರವೆ ಹಚ್ಚಿ ಮುಗಿದ ಮೇಲೆ ವಿದ್ವಾಂಸರು ವೇದಿಕೆಗೆ ಹೋಗಿ ಕುಳಿತು, ಮೈಕು ಹಿಡಿದು ನಿಂತವರೊಡನೆ ಎರಡು ಮಾತಾಡಿ, ಶಿಷ್ಯನನ್ನು ಕರೆದು, "ಹಿಂದಿನ ಸಾಲಿಗೆ ಹೋಗಿ ನಿಂತು ಕೇಳಪ್ಪ" ಎಂದು ಕಳಿಸಿದರು. ಜನರಿನ್ನೂ ಬಂದಿರಲಿಲ್ಲ, ಖಾಲಿ ಕುರ್ಚಿಗಳ ನಡುವೆ ಹುಡುಗ ನಡೆದು ಹೋಗಿ ಕೊನೆಯ ಕಂಬದ ಹತ್ತಿರ ನಿಂತ. ಗುರುಗಳು ಎಡದಲ್ಲಿ ಒಮ್ಮೆ ಗುಮ್ಕಿ ಎಳೆದರು. ಹುಡುಗ ಅಂಗೈಯನ್ನು ನೆಲದ ಕಡೆಗೆ ಇಳಿಸಿ ತೋರಿಸಿದ. ಮೈಕ್‌ಸೆಟ್ಟಿನವರು ಏನನ್ನೋ ತಿರುಗಿಸಿದರು. ಮತ್ತೊಮ್ಮೆ ಗುಮ್ಕಿ, ಹುಡುಗ ತಲೆಯಾಡಿಸಿದ. ಬಲದಲ್ಲಿ 'ನಂ' ನುಡಿಸಿದಾಗ ಅವನು ಸನ್ನೆ ಮಾಡದೆ ವೇದಿಕೆಯ ಬುಡದವರೆಗೆ ಓಡಿಬಂದು, "ಎಡ ಚೆನ್ನಾಗಿದೆ ಗುರುಗಳೇ, 'ನಂ' ಮಾತ್ರ ಅಲ್ಲಿ ತೆಳುವಾಗಿದೆ, ಹೊಡೆತ ಕೇಳುತ್ತೆ, ನಾದ ಬರೋದಿಲ್ಲ" ಎಂದ. ಗುರುಗಳು ಕೈಚಾಚಿ ಮೈಕಿನ ಕುತ್ತಿಗೆಯನ್ನು ಎರಡು ಬೆರಳಷ್ಟು ಅಂಚಿನ ಕಡೆಗೆ ತಿರುಗಿಸಿ, ಮುಚ್ಚಿಗೆಯ ಮೇಲೆ ಉಂಗುರಬೆರಳನ್ನು ಇಟ್ಟುಕೊಂಡು, ಹುಡುಗ ಮತ್ತೆ ಆ ಕಂಬದವರೆಗೆ ನಡೆದು ತಲುಪುವುದನ್ನು ಕಾಯುತ್ತ ಕುಳಿತರು.